ಕೇಂದ್ರವಿಲ್ಲದ ಜಾಲ: ಅನಾಮಿಕ ಕಡತ ಹಂಚಿಕೆಯ ಚರಿತ್ರೆ

ಕೊಟ್ಟವರು ಯಾರೆಂದು ಪಡೆದವರಿಗೆ ತಿಳಿಯದಂತೆ, ಪಡೆದವರು ಯಾರೆಂದು ಕೊಟ್ಟವರಿಗೂ ತಿಳಿಯದಂತೆ, ನಡುವೆ ಹಾದುಹೋದದ್ದು ಏನೆಂದು ಅದನ್ನು ಸಾಗಿಸಿದವರಿಗೂ ತಿಳಿಯದಂತೆ ಕಂಪ್ಯೂಟರ್ ಕಡತಗಳನ್ನು ಹಂಚಿಕೊಳ್ಳುವ ಜಾಲಗಳು ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ರೂಪುಗೊಂಡವು. ಅಂತರಜಾಲದ ಬಹುಪಾಲು ವ್ಯವಹಾರ ಸರ್ವರ್ ಎಂಬ ಕೇಂದ್ರ ಕಂಪ್ಯೂಟರನ್ನು ನಂಬಿ ನಡೆಯುತ್ತದೆ; ಕೇಳುವವರು ಸಾವಿರಾರು ಮಂದಿಯಿದ್ದರೂ ಕೊಡುವ ಯಂತ್ರ ಒಂದು ಸಂಸ್ಥೆಯ ಒಡೆತನದಲ್ಲಿರುತ್ತದೆ ಮತ್ತು ಯಾರು, ಯಾವಾಗ, ಏನನ್ನು ಕೇಳಿದರು ಎಂಬ ದಾಖಲೆ ಅಲ್ಲಿ ಉಳಿಯುತ್ತದೆ. ಇದಕ್ಕೆ ಪ್ರತಿಯಾಗಿ, ಪ್ರತಿಯೊಂದು ಕಂಪ್ಯೂಟರೂ ಕೇಳುವ ಕೆಲಸವನ್ನೂ ಕೊಡುವ ಕೆಲಸವನ್ನೂ ಮಾಡುತ್ತ, ಯಾವುದೂ ಮತ್ತೊಂದರ ಮೇಲಿನದಾಗದೆ ಸರಿಸಮನಾಗಿ ನಿಲ್ಲುವ ವ್ಯವಸ್ಥೆಗೆ ಪೀರ್-ಟು-ಪೀರ್ ಜಾಲವೆಂದು ಹೆಸರು. ಈ ಜಾಲಗಳ ಚರಿತ್ರೆಯನ್ನು ತಂತ್ರಗಳ ಸುಧಾರಣೆಯ ಕಥೆಯೆಂದಷ್ಟೇ ಓದಿದರೆ ಅದರ ಮುಖ್ಯ ಎಳೆ ಕೈತಪ್ಪುತ್ತದೆ. ಹಿಂದಿನ ವ್ಯವಸ್ಥೆಯಲ್ಲಿ ಯಾರನ್ನು ಹಿಡಿದು ಪ್ರಶ್ನಿಸಲು ಸಾಧ್ಯವಿತ್ತೋ ಆ ಸ್ಥಾನವನ್ನೇ ಇಲ್ಲವಾಗಿಸಲು ಪ್ರತಿಯೊಂದು ಹೊಸ ವಿನ್ಯಾಸವೂ ಯತ್ನಿಸಿತು. ಹಾಗೆ ಇಲ್ಲವಾದಾಗಲೆಲ್ಲ ಕಾನೂನು ಉತ್ತರದಾಯಿಯನ್ನು ಬೇರೊಂದು ಕಡೆ ಹುಡುಕಿತು. ಸರ್ವರಿನ ಒಡೆಯ, ಸಾಮಾನ್ಯ ಬಳಕೆದಾರ, ಕೊನೆಗೆ ತಂತ್ರಾಂಶ ಬರೆದ ಸಂಶೋಧಕ, ಹೀಗೆ ಆ ಹುಡುಕಾಟ ಸಾಗಿದ ದಾರಿಯೇ ಈ ಚರಿತ್ರೆಯ ದಾರಿಯೂ ಹೌದು.

ಇದರ ಬೌದ್ಧಿಕ ಮೂಲ ಕಡತ ಹಂಚಿಕೆಯಲ್ಲಿರದೆ ಪತ್ರವ್ಯವಹಾರದಲ್ಲಿದೆ. ಅಮೆರಿಕದ ಗೂಢಲಿಪಿ ತಜ್ಞ ಡೇವಿಡ್ ಚಾಮ್ 1981ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಪತ್ರದ ಒಳಗಿನ ವಿಷಯವನ್ನು ಗೂಢಲಿಪಿಯಲ್ಲಿ ಅಡಗಿಸಿದ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲವೆಂದೂ, ಯಾರು ಯಾರಿಗೆ ಬರೆದರು ಎಂಬುದೇ ಎಷ್ಟೋ ಸಲ ಬರೆದ ವಿಷಯಕ್ಕಿಂತ ಹೆಚ್ಚನ್ನು ಹೇಳಿಬಿಡುತ್ತದೆಂದೂ ಗುರುತಿಸಿ, ಅದಕ್ಕೊಂದು ಪರಿಹಾರವನ್ನು ಸೂಚಿಸಿದರು. ನಡುವಣ ಕಂಪ್ಯೂಟರೊಂದು ಅನೇಕರ ಪತ್ರಗಳನ್ನು ಒಟ್ಟಿಗೆ ಕೂಡಿಹಾಕಿಕೊಂಡು, ಪ್ರತಿಯೊಂದರ ಮೇಲಿನ ಗೂಢಲಿಪಿಯ ಒಂದು ಪದರವನ್ನು ಕಳಚಿ, ಬಂದ ಕ್ರಮವನ್ನು ಕಲಸಿ ಮುಂದಕ್ಕೆ ಕಳಿಸುತ್ತದೆ. ಇಂಥ ಹಲವು ಯಂತ್ರಗಳನ್ನು ದಾಟಿದ ಪತ್ರದ ಹುಟ್ಟನ್ನು, ಅವುಗಳಲ್ಲಿ ಒಂದೇ ಒಂದು ಪ್ರಾಮಾಣಿಕವಾಗಿದ್ದರೂ, ಪತ್ತೆ ಮಾಡುವುದು ಕಷ್ಟ. ಮಿಕ್ಸ್ ಎಂದು ಚಾಮ್ ಕರೆದ ಈ ಕಲ್ಪನೆ ಮುಂದಿನ ಅನಾಮಿಕ ಜಾಲಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಮರಳಿ ಬಂದಿದೆ.

ಕಲ್ಪನೆ ಹೀಗಿದ್ದರೂ, ಜನರ ಬಳಕೆಗೆ ವ್ಯಾಪಕವಾಗಿ ಬಂದ ಅನಾಮಿಕ ಸೇವೆ ಅದಕ್ಕಿಂತ ಎಷ್ಟೋ ಸರಳವಾಗಿತ್ತು. ಫಿನ್ಲೆಂಡಿನ ಯೊಹಾನ್ ಹೆಲ್ಸಿಂಗಿಯಸ್ 1993ರಲ್ಲಿ ಆರಂಭಿಸಿದ ಪೆನೆಟ್ ಎಂಬ ಮರುರವಾನೆ ಸೇವೆ, ಬಂದ ಇಮೇಲ್‌ಗಳ ಮೇಲಿನ ಹೆಸರು ವಿಳಾಸಗಳನ್ನು ತೆಗೆದುಹಾಕಿ, ಬದಲಿಗೆ ಒಂದು ಸಂಖ್ಯೆಯನ್ನು ಕೊಟ್ಟು, ಮುಂದಕ್ಕೆ ರವಾನಿಸುತ್ತಿತ್ತು. ಉತ್ತರ ಬಂದರೆ ಅದನ್ನು ಮೂಲ ಕಳುಹಿಸಿದವರಿಗೆ ಮುಟ್ಟಿಸಬೇಕಾದ್ದರಿಂದ, ಯಾವ ಸಂಖ್ಯೆ ಯಾರದೆಂಬ ಪಟ್ಟಿಯನ್ನು ಆ ಒಂದು ಯಂತ್ರ ಇಟ್ಟುಕೊಳ್ಳಲೇಬೇಕಿತ್ತು. ಇಡೀ ಸೇವೆಯ ಬಲವೂ ದೌರ್ಬಲ್ಯವೂ ಆ ಪಟ್ಟಿಯೇ ಆಗಿತ್ತು. 1995ರಲ್ಲಿ ಸೈಂಟಾಲಜಿ ಚರ್ಚ್ ತನ್ನ ದಾಖಲೆಗಳು ಈ ಸೇವೆಯ ಮೂಲಕ ಹೊರಬಿದ್ದಿವೆಯೆಂದು ದೂರಿದಾಗ, ಫಿನ್ಲೆಂಡಿನ ಪೊಲೀಸರ ವಾರಂಟಿಗೆ ಮಣಿದು ಹೆಲ್ಸಿಂಗಿಯಸ್ ಒಬ್ಬ ಬಳಕೆದಾರನ ವಿಳಾಸವನ್ನು ಒಪ್ಪಿಸಬೇಕಾಯಿತು. ಮರುವರ್ಷ ನ್ಯಾಯಾಲಯ ಮತ್ತೆ ಅಂಥದೇ ಆದೇಶವನ್ನು ನೀಡಿದಾಗ, ಬಳಕೆದಾರರಿಗೆ ಕೊಟ್ಟ ಭರವಸೆಯನ್ನು ಉಳಿಸಿಕೊಳ್ಳಲಾಗದೆಂದು ಮನಗಂಡು ಅವರು 1996ರ ಆಗಸ್ಟ್‌ನಲ್ಲಿ ಸೇವೆಯನ್ನೇ ನಿಲ್ಲಿಸಿದರು. ಗುಟ್ಟನ್ನು ಕಾಯುವವರು ಎಷ್ಟೇ ಸಜ್ಜನರಾಗಿದ್ದರೂ ಗುಟ್ಟು ಅವರ ಕೈಯಲ್ಲಿರುವವರೆಗೆ ಅದನ್ನು ಅವರಿಂದ ಕಸಿಯಬಹುದು ಎಂಬುದು ಇದರಿಂದ ದೊರೆತ ಪಾಠ.

ಪೆನೆಟ್ ಮುಚ್ಚಿದ ವರ್ಷವೇ ಕೇಂಬ್ರಿಜ್ ವಿಶ್ವವಿದ್ಯಾಲಯದ ರಾಸ್ ಆಂಡರ್ಸನ್ ಎಟರ್ನಿಟಿ ಸರ್ವಿಸ್, ಅಂದರೆ ಶಾಶ್ವತ ಸಂಗ್ರಹ ಸೇವೆ, ಎಂಬ ಕಲ್ಪನೆಯನ್ನು ಮಂಡಿಸಿದರು. ಮುದ್ರಣಯಂತ್ರ ಬರುವ ಮೊದಲು ಒಂದು ಗ್ರಂಥದ ಕೈಬರಹದ ಕೆಲವೇ ಪ್ರತಿಗಳನ್ನು ಸುಟ್ಟು ಅದನ್ನು ಅಳಿಸಿಬಿಡಬಹುದಾಗಿತ್ತೆಂದೂ, ಅಚ್ಚಾದ ಪುಸ್ತಕ ಊರೂರಿಗೆ ಹರಡಿದ ಮೇಲೆ ಅದು ಅಸಾಧ್ಯವಾಯಿತೆಂದೂ, ಆದರೆ ಪುಸ್ತಕಗಳೆಲ್ಲ ಕೆಲವೇ ಸರ್ವರ್‌ಗಳಿಗೆ ಸೇರಿಕೊಳ್ಳುವ ಕಾಲದಲ್ಲಿ ಮುದ್ರಣ ತಂದುಕೊಟ್ಟ ಆ ರಕ್ಷೆ ಕಳೆದುಹೋಗಬಹುದೆಂದೂ ಅವರು ವಾದಿಸಿದರು. ಬೈಬಲನ್ನು ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲ್ 1536ರಲ್ಲಿ ಮರಣದಂಡನೆಗೆ ಗುರಿಯಾದರೂ ಅಚ್ಚಾಗಿ ಹರಡಿದ್ದ ಅವರ ಅನುವಾದವನ್ನು ಯಾರೂ ಹಿಂದಕ್ಕೆ ಪಡೆಯಲಾಗಲಿಲ್ಲ. ಕಡತಗಳನ್ನು ಬೇರೆ ಬೇರೆ ದೇಶಗಳ ಅನೇಕ ಕಂಪ್ಯೂಟರ್‌ಗಳಲ್ಲಿ ಚದುರಿಸಿ, ಯಾವುದು ಎಲ್ಲಿದೆಯೆಂಬುದು ಯಾರಿಗೂ, ಇಟ್ಟವರಿಗೂ ಕೂಡ, ತಿಳಿಯದಂತೆ ಮಾಡಿದರೆ ಆ ರಕ್ಷೆಯನ್ನು ಮತ್ತೆ ಗಳಿಸಬಹುದೆಂಬುದು ಆಂಡರ್ಸನ್ನರ ಸಲಹೆ. ಅವರು ಅದನ್ನು ಕಟ್ಟಲಿಲ್ಲ. ಕಟ್ಟುವ ಕೆಲಸ ಎಡಿನ್‌ಬರೊ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬರ ಪಾಲಿಗೆ ಬಂತು.

ಐರ್ಲೆಂಡಿನವರಾದ ಇಯಾನ್ ಕ್ಲಾರ್ಕ್ 1999ರಲ್ಲಿ ತಮ್ಮ ಪದವಿಯ ಅಂತಿಮ ವರ್ಷದ ಯೋಜನೆಯಾಗಿ, ಮಾಹಿತಿಯನ್ನು ಕೇಂದ್ರವಿಲ್ಲದೆ ಚದುರಿಸಿ ಇಡುವ ಮತ್ತು ಮರಳಿ ಪಡೆಯುವ ವ್ಯವಸ್ಥೆಯೊಂದರ ವರದಿಯನ್ನು ಸಲ್ಲಿಸಿದರು. ಅದರ ಆಧಾರದ ಮೇಲೆ ಹಲವು ಸ್ವಯಂಸೇವಕರು ಸೇರಿ ಬರೆದ ತಂತ್ರಾಂಶದ ಮೊದಲ ಆವೃತ್ತಿ 2000ದ ಮಾರ್ಚ್‌ನಲ್ಲಿ ಫ್ರೀನೆಟ್ ಎಂಬ ಹೆಸರಿನಲ್ಲಿ ಹೊರಬಂತು. ಅದೇ ವರ್ಷ ಕ್ಲಾರ್ಕ್, ಆಸ್ಕರ್ ಸ್ಯಾಂಡ್‌ಬರ್ಗ್, ಬ್ರ್ಯಾಂಡನ್ ವೈಲಿ ಮತ್ತು ಥಿಯೊಡೋರ್ ಹಾಂಗ್ ಕೂಡಿ ಬರೆದ ಪ್ರಬಂಧ ಬರ್ಕ್ಲಿಯ ವಿಚಾರಗೋಷ್ಠಿಯೊಂದರಲ್ಲಿ ಮಂಡಿತವಾಯಿತು. ಇದೇ ಅವಧಿಯಲ್ಲಿ ಜಗತ್ತಿನ ಗಮನವೆಲ್ಲ ಬೇರೆರಡು ಜಾಲಗಳ ಮೇಲಿತ್ತು. ಬಾಸ್ಟನ್ನಿನ ವಿದ್ಯಾರ್ಥಿಯಾಗಿದ್ದ ಶಾನ್ ಫ್ಯಾನಿಂಗ್ 1999ರ ಜೂನ್‌ನಲ್ಲಿ ಬಿಡುಗಡೆ ಮಾಡಿದ ನ್ಯಾಪ್‌ಸ್ಟರ್‌ನಲ್ಲಿ ಹಾಡುಗಳು ಬಳಕೆದಾರರ ಕಂಪ್ಯೂಟರ್‌ಗಳ ನಡುವೆ ನೇರವಾಗಿ ಸಾಗುತ್ತಿದ್ದರೂ, ಯಾವ ಹಾಡು ಯಾರ ಬಳಿಯಿದೆ ಎಂಬ ಸೂಚಿ ಕಂಪನಿಯ ಸರ್ವರಿನಲ್ಲೇ ಇತ್ತು. ಧ್ವನಿಮುದ್ರಣ ಕಂಪನಿಗಳು ಆ ವರ್ಷದ ಡಿಸೆಂಬರ್‌ನಲ್ಲಿ ಮೊಕದ್ದಮೆ ಹೂಡಿ, 2001ರ ಜುಲೈ ವೇಳೆಗೆ ಅದನ್ನು ನಿಲ್ಲಿಸಿದವು. 2000ದ ಮಾರ್ಚ್ 14ರಂದು ನಲ್‌ಸಾಫ್ಟ್ ಸಂಸ್ಥೆಯ ಜಸ್ಟಿನ್ ಫ್ರ್ಯಾಂಕೆಲ್ ಮತ್ತು ಟಾಮ್ ಪೆಪ್ಪರ್ ಹೊರಬಿಟ್ಟ ನ್ಯುಟೆಲ್ಲಾದಲ್ಲಿ ಸೂಚಿಯೂ ಇರಲಿಲ್ಲ. ಕೇಳಿಕೆಯನ್ನು ಪ್ರತಿಯೊಬ್ಬರೂ ತಮ್ಮ ನೆರೆಯವರಿಗೆಲ್ಲ ದಾಟಿಸುತ್ತಿದ್ದರು. ಮಾತೃಸಂಸ್ಥೆ ಎಓಎಲ್ ಮರುದಿನವೇ ಅದನ್ನು ಹಿಂತೆಗೆದುಕೊಂಡರೂ, ಅಷ್ಟರಲ್ಲಿ ಅದನ್ನು ಇಳಿಸಿಕೊಂಡಿದ್ದವರು ಅದರ ಸಂವಹನ ಕ್ರಮವನ್ನು ಬಿಡಿಸಿ ತಿಳಿದು ತಮ್ಮದೇ ತಂತ್ರಾಂಶಗಳನ್ನು ಬರೆದರು. ಕೇಂದ್ರವನ್ನು ತೆಗೆದುಹಾಕಿದ ಮಾತ್ರಕ್ಕೆ ಅನಾಮಿಕತೆ ಬರುವುದಿಲ್ಲವೆಂಬುದನ್ನು ನ್ಯುಟೆಲ್ಲಾ ತೋರಿಸಿಕೊಟ್ಟಿತು, ಏಕೆಂದರೆ ಕೊಡುವವರ ಮತ್ತು ಪಡೆಯುವವರ ಐಪಿ ವಿಳಾಸ, ಅಂದರೆ ಅಂತರಜಾಲದಲ್ಲಿ ಅವರ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ, ಅಲ್ಲಿ ಪರಸ್ಪರರಿಗೆ ಕಾಣುತ್ತಿತ್ತು.

ಫ್ರೀನೆಟ್ ಇವೆರಡಕ್ಕಿಂತ ಭಿನ್ನವಾದದ್ದು ಹೇಗೆಂಬುದನ್ನು ತಿಳಿಯಲು ಒಂದು ಕಡತ ಅದರಲ್ಲಿ ಪಯಣಿಸುವ ಬಗೆಯನ್ನು, ಮುಂದೆ ನೆಲೆಗೊಂಡ ರೂಪದಲ್ಲಿ, ಹತ್ತಿರದಿಂದ ನೋಡಬೇಕು. ಒಬ್ಬರು ಒಂದು ಪುಸ್ತಕದ ಕಡತವನ್ನು ಜಾಲಕ್ಕೆ ಸೇರಿಸಲು ಹೊರಟರೆ, ತಂತ್ರಾಂಶ ಮೊದಲು ಅದನ್ನು 32 ಕಿಲೊಬೈಟ್ ಗಾತ್ರದ ತುಣುಕುಗಳಾಗಿ ಕತ್ತರಿಸಿ, ಕೆಲವು ತುಣುಕುಗಳು ಕಳೆದುಹೋದರೂ ಉಳಿದವುಗಳಿಂದ ಇಡೀ ಕಡತವನ್ನು ಲೆಕ್ಕಹಾಕಿ ಮತ್ತೆ ಕಟ್ಟಲು ಬರುವಂತೆ ಹೆಚ್ಚುವರಿ ತುಣುಕುಗಳನ್ನು ಸೇರಿಸುತ್ತದೆ. ಬಳಿಕ ಪ್ರತಿ ತುಣುಕನ್ನೂ ಗೂಢಲಿಪಿಗೆ ತಿರುಗಿಸುತ್ತದೆ. ಬಿಡಿಸುವ ಕೀಲಿ ಆ ತುಣುಕಿನ ಒಳಗಿನ ವಿಷಯದಿಂದಲೇ ಹುಟ್ಟಿದ ಹ್ಯಾಶ್ ಆಗಿರುತ್ತದೆ. ಹ್ಯಾಶ್ ಎಂದರೆ ಯಾವುದೇ ದತ್ತಾಂಶದಿಂದ ನಿಗದಿತ ಗಣಿತಕ್ರಮದಲ್ಲಿ ತೆಗೆದ, ಒಂದು ಅಕ್ಷರ ಬದಲಾದರೂ ಪೂರ್ತಿ ಬೇರೆಯಾಗಿಬಿಡುವ ಚಿಕ್ಕ ಗುರುತು. ಹೀಗೆ ಗೂಢವಾದ ತುಣುಕಿನಿಂದ ಮತ್ತೊಂದು ಹ್ಯಾಶ್ ತೆಗೆದು, ಅದನ್ನು ಜಾಲದಲ್ಲಿ ಆ ತುಣುಕಿನ ವಿಳಾಸವಾಗಿ ಬಳಸಲಾಗುತ್ತದೆ. ತುಣುಕನ್ನು ಇಟ್ಟುಕೊಳ್ಳುವ ಕಂಪ್ಯೂಟರಿಗೆ ತಿಳಿಯುವುದು ಈ ವಿಳಾಸ ಮಾತ್ರ; ಬಿಡಿಸುವ ಕೀಲಿ ಇರುವುದು, ಕಡತದ ಪೂರ್ಣ ಕೊಂಡಿಯನ್ನು ಯಾರಿಗೆ ತಿಳಿಸಲಾಗಿದೆಯೋ ಅವರ ಬಳಿ.

ಜಾಲದಲ್ಲಿ ಪಾಲ್ಗೊಳ್ಳುವ ಪ್ರತಿಯೊಂದು ಕಂಪ್ಯೂಟರಿಗೆ ನೋಡ್ ಎಂದು ಹೆಸರು. ಪ್ರತಿ ನೋಡ್‌ಗೂ ಸೊನ್ನೆ ಮತ್ತು ಒಂದರ ನಡುವಿನ ಒಂದು ಸಂಖ್ಯೆ, ಒಂದು ಕಲ್ಪಿತ ವೃತ್ತದ ಮೇಲಿನ ಅದರ ಸ್ಥಾನವಾಗಿ, ದೊರೆತಿರುತ್ತದೆ. ತುಣುಕಿನ ವಿಳಾಸವೂ ಅದೇ ವೃತ್ತದ ಮೇಲಿನ ಒಂದು ಬಿಂದುವಾಗುತ್ತದೆ. ಕೇಳಿಕೆ ಬಂದಾಗ ನೋಡ್ ತನ್ನ ನೆರೆಯವುಗಳಲ್ಲಿ ಆ ಬಿಂದುವಿಗೆ ಅತಿ ಸಮೀಪವಿರುವುದಕ್ಕೆ ಅದನ್ನು ದಾಟಿಸುತ್ತದೆ, ಅದು ತನ್ನ ನೆರೆಯದಕ್ಕೆ, ಹೀಗೆ ಗುರಿಯ ಪೂರ್ತಿ ದಾರಿ ಯಾರಿಗೂ ಗೊತ್ತಿಲ್ಲದೆಯೇ ಕೇಳಿಕೆ ಗುರಿಯತ್ತ ಸರಿಯುತ್ತ ಹೋಗುತ್ತದೆ. ಪರಊರಿನಲ್ಲಿ ಮನೆ ಹುಡುಕುವವರು ಬೀದಿಬೀದಿಯಲ್ಲಿ ವಿಚಾರಿಸುತ್ತ, ಪ್ರತಿಯೊಬ್ಬರೂ ತೋರಿದ ಕಡೆಗೆ ಒಂದಿಷ್ಟು ಹತ್ತಿರವಾಗುತ್ತ ನಡೆಯುವುದು ಇದೇ ರೀತಿಯಲ್ಲಿ. ಸಿಕ್ಕ ತುಣುಕು ಬಂದ ದಾರಿಯಲ್ಲೇ ಹಿಂದಿರುಗುತ್ತದೆ, ಮತ್ತು ದಾರಿಯ ನೋಡ್‌ಗಳು ಅದರ ಪ್ರತಿಯನ್ನು ತಮ್ಮ ಹಾರ್ಡ್ ಡಿಸ್ಕಿನಲ್ಲಿ ಉಳಿಸಿಕೊಳ್ಳುತ್ತವೆ. ಕೇಳಿಕೆ ಎಷ್ಟು ನೋಡ್‌ಗಳನ್ನು ದಾಟಬಹುದೆಂಬುದಕ್ಕೆ 18ರ ಒಂದು ಮಿತಿಯಿದ್ದು, ಪ್ರತಿ ಹೆಜ್ಜೆಗೂ ಅದು ಇಳಿಯುತ್ತ ಹೋಗಬೇಕು. ಆದರೆ ಮೊದಲ ಹೆಜ್ಜೆಗಳಲ್ಲಿ ಇಳಿಸುವುದೋ ಹಾಗೆಯೇ ಬಿಡುವುದೋ ಎಂಬುದನ್ನು ಆಕಸ್ಮಿಕಕ್ಕೆ ಬಿಡಲಾಗಿದೆ. 18 ಎಂಬ ಅಂಕೆ ಹೊತ್ತು ಬಂದ ಕೇಳಿಕೆಯನ್ನು ನೆರೆಯವನೇ ಹುಟ್ಟಿಸಿದನೋ, ಬೇರೊಬ್ಬರಿಂದ ಪಡೆದು ದಾಟಿಸಿದನೋ ಎಂಬುದನ್ನು ಖಚಿತವಾಗಿ ಹೇಳಲಾಗಬಾರದೆಂಬುದೇ ಇದರ ಉದ್ದೇಶ. ಫ್ರೀನೆಟ್ಟಿನ ಅನಾಮಿಕತೆ ನಿಂತಿರುವುದು ಮುಖ್ಯವಾಗಿ ಈ ಸಂದೇಹದ ಮೇಲೆ: ಎಲ್ಲರೂ ಎಲ್ಲರಿಗಾಗಿ ಸಾಗಿಸುವುದರಿಂದ ಯಾರ ಸಾಗಣೆಯೂ ಅವರ ಸ್ವಂತದ್ದೆಂದು ಸಿದ್ಧವಾಗುವುದಿಲ್ಲ.

ಈ ವಿನ್ಯಾಸದಿಂದ ಎರಡು ಪರಿಣಾಮಗಳು ಹುಟ್ಟಿದವು. ಕಡತ ಒಮ್ಮೆ ಜಾಲದಲ್ಲಿ ಚದುರಿದ ಮೇಲೆ ಅದನ್ನು ಸೇರಿಸಿದವರು ತಮ್ಮ ಕಂಪ್ಯೂಟರನ್ನು ಆರಿಸಿ ಹೋದರೂ ಅದು ಉಳಿಯುತ್ತದೆ; ಕೊಟ್ಟವರು ಅಲ್ಲಿ ಇರಲೇಬೇಕೆಂಬ ಬಂಧನದಿಂದ ಕೊಡುಗೆಯನ್ನು ಬಿಡಿಸಿದ್ದು ಕಡತ ಹಂಚಿಕೆಯ ಚರಿತ್ರೆಯಲ್ಲಿ ದೊಡ್ಡ ಹೆಜ್ಜೆ. ಆದರೆ ಆಂಡರ್ಸನ್ ಬಯಸಿದ ಶಾಶ್ವತತೆ ಇಲ್ಲಿ ದೊರೆಯಲಿಲ್ಲ, ಏಕೆಂದರೆ ಪ್ರತಿ ನೋಡಿನ ಸಂಗ್ರಹಕ್ಕೂ ಮಿತಿಯಿದ್ದು, ಹೊಸ ತುಣುಕುಗಳು ಬಂದಂತೆ ಹಳೆಯವು ಜಾಗ ಬಿಡಬೇಕಾಗುತ್ತದೆ. ಜನ ಕೇಳುತ್ತಲೇ ಇದ್ದ ಕಡತದ ಪ್ರತಿಗಳು ಹೆಚ್ಚುತ್ತ ಹೋದರೆ, ಯಾರೂ ಕೇಳದ ಕಡತ ಕ್ರಮೇಣ ಮರೆಯಾಗುತ್ತದೆ. ಎರಡನೆಯದಾಗಿ, ಅಳಿಸುವ ಆಜ್ಞೆ ಈ ಜಾಲದಲ್ಲಿ ಇಲ್ಲವೇ ಇಲ್ಲ. ಸರ್ಕಾರ ಅಳಿಸಲಾರದು, ಕಂಪನಿ ಅಳಿಸಲಾರದು, ಹಾಗೆಯೇ ಕಡತವನ್ನು ಸೇರಿಸಿದವರು ಪಶ್ಚಾತ್ತಾಪಪಟ್ಟರೂ ಅಳಿಸಲಾರರು. ಈ ಎರಡನೆಯ ಗುಣದ ಪೂರ್ಣ ಬೆಲೆ ತಿಳಿದದ್ದು ಕೆಲವು ವರ್ಷಗಳ ನಂತರ, ಜಪಾನಿನಲ್ಲಿ.

ಅಷ್ಟರೊಳಗೆ ಕಾನೂನಿನ ದೃಷ್ಟಿ ಬಳಕೆದಾರರತ್ತ ತಿರುಗಿತ್ತು. ನ್ಯಾಪ್‌ಸ್ಟರ್‌ನ ಹಾಗೆ ಮುಚ್ಚಿಸಬಹುದಾದ ಕೇಂದ್ರ ದೊರೆಯದಾದಾಗ, ಅಮೆರಿಕದ ಧ್ವನಿಮುದ್ರಣ ಉದ್ಯಮ 2003ರ ಸೆಪ್ಟೆಂಬರ್‌ನಲ್ಲಿ 261 ವ್ಯಕ್ತಿಗಳ ಮೇಲೆ ಒಂದೇ ಸಲ ಮೊಕದ್ದಮೆ ಹೂಡಿತು. ಸಾಕ್ಷ್ಯವಾಗಿ ಬಂದದ್ದು ಜಾಲದಲ್ಲಿ ಬಯಲಾಗಿ ಕಾಣುತ್ತಿದ್ದ ಐಪಿ ವಿಳಾಸಗಳು. ಬ್ರಾಮ್ ಕೋಹೆನ್ 2001ರಲ್ಲಿ ರೂಪಿಸಿದ ಬಿಟ್‌ಟೊರೆಂಟ್ ದೊಡ್ಡ ಕಡತಗಳನ್ನು ತುಣುಕು ತುಣುಕಾಗಿ ಪರಸ್ಪರ ವಿನಿಮಯ ಮಾಡಿಕೊಳ್ಳುವುದರಲ್ಲಿ ಅಸಾಧಾರಣ ವೇಗವನ್ನು ಸಾಧಿಸಿತಾದರೂ, ಪಾಲ್ಗೊಂಡವರ ವಿಳಾಸಗಳನ್ನು ಮರೆಮಾಚುವುದು ಅದರ ಗುರಿಯೇ ಆಗಿರಲಿಲ್ಲ. ಕಡತ ಬೇಗ ಬರಬೇಕಾದರೆ ಇರುವವರಿಂದ ನೇರವಾಗಿ ಬರಬೇಕು, ಗುಟ್ಟಾಗಿ ಬರಬೇಕಾದರೆ ಹಲವು ಕೈ ದಾಟಿ ಬರಬೇಕು. ಈ ಎರಡು ಬೇಡಿಕೆಗಳ ನಡುವಿನ ಎಳೆದಾಟ ಇಂದಿಗೂ ಬಗೆಹರಿದಿಲ್ಲ. ಬಹುಜನ ವೇಗವನ್ನು ಆರಿಸಿಕೊಂಡರು. ಎರಡನ್ನೂ ಒಟ್ಟಿಗೆ ಕೊಡಲು ಮನಸ್ಸು ಮಾಡಿದವರು ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಸಹಾಯಕರಾಗಿದ್ದ ಇಸಾಮು ಕಾನೆಕೊ.

ಜಪಾನಿನಲ್ಲಿ ಆಗ ವಿನ್‌ಎಂಎಕ್ಸ್ ಎಂಬ ಹಂಚಿಕೆಯ ತಂತ್ರಾಂಶ ಜನಪ್ರಿಯವಾಗಿತ್ತು. ಅದರ ಬಳಕೆದಾರರ ಬಂಧನವಾದ ಬಳಿಕ ಸುರಕ್ಷಿತವಾದ ಬೇರೊಂದಕ್ಕಾಗಿ ಜನ ಹುಡುಕುತ್ತಿದ್ದರು. ಫ್ರೀನೆಟ್ಟನ್ನು ಅಭ್ಯಸಿಸಿದ್ದ ಕಾನೆಕೊ, ಹೆಸರು ಹೇಳದೆ ಬರೆಯಬಹುದಾದ 2ಚಾನೆಲ್ ಎಂಬ ಚರ್ಚಾತಾಣದಲ್ಲಿ 47 ಎಂಬ ಸಂಖ್ಯೆಯಿಂದಷ್ಟೇ ಗುರುತಿಸಿಕೊಂಡು, 2002ರ ಮೇ ತಿಂಗಳಲ್ಲಿ ವಿನ್ನಿ ಎಂಬ ತಂತ್ರಾಂಶವನ್ನು ಉಚಿತವಾಗಿ ಹೊರತಂದರು. ವಿನ್ನಿಯಲ್ಲಿ ಪ್ರತಿಯೊಂದು ಕಡತದ ಹೆಸರು, ಗಾತ್ರ, ಹ್ಯಾಶ್ ಮತ್ತು ಅದು ಇರುವ ನೋಡಿನ ವಿಳಾಸಗಳನ್ನು ಒಳಗೊಂಡ ಒಂದು ಚೀಟಿ ನೋಡ್‌ನಿಂದ ನೋಡ್‌ಗೆ ಹರಡುತ್ತಿತ್ತು. ಹರಡುವಾಗ ನಡುವಣ ನೋಡೊಂದು ಆ ವಿಳಾಸವನ್ನು ಅಳಿಸಿ ತನ್ನದನ್ನು ಬರೆದುಕೊಳ್ಳುವುದುಂಟು. ಹಾಗೆ ತಿದ್ದಿದ ಚೀಟಿಯನ್ನು ನಂಬಿ ಬಂದವರಿಗಾಗಿ ಆ ನೋಡ್ ಕಡತವನ್ನು ಮೂಲದಿಂದ ತರಿಸಿ ದಾಟಿಸುತ್ತಿತ್ತು, ಗೂಢಲಿಪಿಯಲ್ಲಿ ಒಂದು ಪ್ರತಿಯನ್ನೂ ಉಳಿಸಿಕೊಳ್ಳುತ್ತಿತ್ತು. ಆಸಕ್ತಿಯ ಪದಗಳನ್ನು ಬಳಕೆದಾರರು ಮೊದಲೇ ನಮೂದಿಸಿದರೆ, ಸಮಾನ ಆಸಕ್ತಿಯ ನೋಡ್‌ಗಳು ತಾವಾಗಿ ಪರಸ್ಪರ ಹತ್ತಿರ ಸೇರುತ್ತಿದ್ದವು. ವೇಗದ ಸಂಪರ್ಕವಿದ್ದವು ಜಾಲದ ಮೇಲುಸ್ತರಕ್ಕೆ, ನಿಧಾನದವು ಕೆಳಸ್ತರಕ್ಕೆ ಹೊಂದಿಕೊಳ್ಳುತ್ತಿದ್ದವು. ಪ್ರತಿ ಸಲವೂ ಮರೆಮಾಚದೆ, ಮರೆಮಾಚಿರಬಹುದೆಂಬ ಸಂದೇಹಕ್ಕೆ ಸಾಕಾಗುವಷ್ಟು ಮಾತ್ರ ಮರೆಮಾಚಿದ್ದರಿಂದ ವಿನ್ನಿ ಫ್ರೀನೆಟ್ಟಿಗೆ ಸಿಗದ ವೇಗವನ್ನು ಗಳಿಸಿ ದೇಶವ್ಯಾಪಿಯಾಯಿತು.

ಕ್ಯೋಟೊ ಪೊಲೀಸರು 2003ರ ನವೆಂಬರ್‌ನಲ್ಲಿ ಇಬ್ಬರು ಬಳಕೆದಾರರನ್ನು ಬಂಧಿಸಿದರು. 2004ರ ಮೇ 10ರಂದು ಸ್ವತಃ ಕಾನೆಕೊ ಅವರನ್ನೇ ಕೃತಿಸ್ವಾಮ್ಯ ಉಲ್ಲಂಘನೆಗೆ ನೆರವಾದ ಆರೋಪದ ಮೇಲೆ ಬಂಧಿಸಿದರು. ಯಾವ ಹಾಡನ್ನೂ ಚಲನಚಿತ್ರವನ್ನೂ ತಾವು ಹಂಚಿದರೆಂಬ ಆರೋಪ ಅವರ ಮೇಲಿರಲಿಲ್ಲ. ಇತರರು ಹಂಚಲು ಬಳಸಿದ ಸಾಧನವನ್ನು ಮಾಡಿಕೊಟ್ಟರೆಂಬುದೇ ಅಪರಾಧವೆನಿಸಿತು. 2006ರ ಡಿಸೆಂಬರ್‌ನಲ್ಲಿ ಕ್ಯೋಟೊ ಜಿಲ್ಲಾ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದು ಸಾರಿ 15 ಲಕ್ಷ ಯೆನ್ ದಂಡ ವಿಧಿಸಿತು. 2009ರ ಅಕ್ಟೋಬರ್‌ನಲ್ಲಿ ಒಸಾಕಾ ಉಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿತು. 2011ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಬಿಡುಗಡೆಯನ್ನು ಎತ್ತಿಹಿಡಿಯಿತು. ವಿನ್ನಿ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಬಳಸಬಹುದಾದ ತಟಸ್ಥ ಸಾಧನವೆಂದೂ, ಯಾರಾದರೂ ದುರುಪಯೋಗ ಮಾಡಬಹುದೆಂಬ ಸಾಮಾನ್ಯ ಅರಿವಿದ್ದ ಮಾತ್ರಕ್ಕೆ ಮಾಡಿದವರು ಅಪರಾಧಿಯಾಗುವುದಿಲ್ಲವೆಂದೂ ಬಹುಮತದ ತೀರ್ಪು ಹೇಳಿತು. ಒಬ್ಬ ನ್ಯಾಯಮೂರ್ತಿ ಭಿನ್ನಮತ ದಾಖಲಿಸಿದರು. ಇದಕ್ಕೆ ಮೊದಲು, 2005ರಲ್ಲಿ, ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಗ್ರೋಕ್‌ಸ್ಟರ್ ಎಂಬ ಹಂಚಿಕೆ ತಂತ್ರಾಂಶದ ಮೊಕದ್ದಮೆಯಲ್ಲಿ, ಉಲ್ಲಂಘನೆಗೆ ಪ್ರಚೋದಿಸುವ ಉದ್ದೇಶದಿಂದಲೇ ಸಾಧನವನ್ನು ಹಂಚಿದವರು ಹೊಣೆಗಾರರೆಂದು ತೀರ್ಮಾನಿಸಿತ್ತು. ಎರಡು ತೀರ್ಪುಗಳ ಫಲ ಬೇರೆಯಾದರೂ, ಸಾಧನದ ಸ್ವರೂಪವನ್ನಷ್ಟೇ ನೋಡಿ ಹೊಣೆಯನ್ನು ನಿರ್ಣಯಿಸಲಾಗದು, ಮಾಡಿದವರ ಉದ್ದೇಶ ಮತ್ತು ಅರಿವನ್ನು ನೋಡಬೇಕು ಎಂಬ ತತ್ವದಲ್ಲಿ ಅವು ಸಂಧಿಸುತ್ತವೆ. ಬಿಡುಗಡೆಯಾದ ಕಾನೆಕೊ 2013ರ ಜುಲೈಯಲ್ಲಿ, 42ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಪ್ರತಿಭಾವಂತರೊಬ್ಬರ ಏಳೂವರೆ ವರ್ಷಗಳನ್ನು ನ್ಯಾಯಾಲಯ ನುಂಗಿತೆಂಬ ವಿಷಾದ ಜಪಾನಿನ ತಂತ್ರಜ್ಞರ ನಡುವೆ ಇಂದಿಗೂ ಉಳಿದಿದೆ.

ವಿನ್ನಿಯ ಕಥೆಯ ಇನ್ನೊಂದು ಮುಖ ಇದಕ್ಕಿಂತ ಕಠಿಣವಾದದ್ದು. 2003ರಿಂದ ಆಂಟಿನ್ನಿ ಎಂಬ ದುಷ್ಟ ತಂತ್ರಾಂಶ, ಆಕರ್ಷಕ ಹೆಸರಿನ ಕಡತದ ವೇಷದಲ್ಲಿ ವಿನ್ನಿಯ ಮೂಲಕ ಹರಡತೊಡಗಿತು. ಅದರ ಮುಂದಿನ ರೂಪಗಳು ಸೋಂಕಿದ ಕಂಪ್ಯೂಟರಿನಲ್ಲಿದ್ದ ಖಾಸಗಿ ಕಡತಗಳನ್ನು ಒಟ್ಟುಗೂಡಿಸಿ ಯಜಮಾನರಿಗೆ ತಿಳಿಯದಂತೆ ಹಂಚಿಕೆಯ ಕೋಶಕ್ಕೆ ಸೇರಿಸಿಬಿಡುತ್ತಿದ್ದವು. ಕಚೇರಿಯ ಕೆಲಸವನ್ನು ಮನೆಯ ಕಂಪ್ಯೂಟರಿಗೆ ತಂದುಕೊಂಡಿದ್ದ ನೌಕರರ ಮೂಲಕ ಪೊಲೀಸ್ ತನಿಖೆಯ ಕಾಗದಗಳು, ಕಡಲ ಸ್ವರಕ್ಷಣಾ ಪಡೆಯ ದಾಖಲೆಗಳು, ಅಣುವಿದ್ಯುತ್ ಸ್ಥಾವರಗಳಿಗೆ ಸಂಬಂಧಿಸಿದ ವರದಿಗಳು ಹೊರಬಿದ್ದವು. ತನಿಖೆಯ ಕಾಗದಗಳಲ್ಲಿ ಅಪರಾಧಕ್ಕೆ ಬಲಿಯಾದವರ ಮತ್ತು ಸಾಕ್ಷಿಗಳ ಹೆಸರುಗಳಿದ್ದವು. ಆ ಹೆಸರುಗಳು ಹೊರಬಿದ್ದದ್ದು ಅವರು ವಿನ್ನಿಯನ್ನು ಬಳಸಿದ್ದರಿಂದಲ್ಲ. 2006ರ ಮಾರ್ಚ್‌ನಲ್ಲಿ ಆಗ ಸಂಪುಟದ ಮುಖ್ಯ ಕಾರ್ಯದರ್ಶಿಯಾಗಿದ್ದ ಶಿಂಜೊ ಆಬೆ, ವಿನ್ನಿಯನ್ನು ಬಳಸದಿರುವಂತೆ ನಾಗರಿಕರಿಗೆ ಬಹಿರಂಗವಾಗಿ ಕರೆಕೊಡಬೇಕಾಯಿತು. ಸೋರಿದ ಕಡತಗಳನ್ನು ಹಿಂದಕ್ಕೆ ಪಡೆಯುವ ದಾರಿಯಿರಲಿಲ್ಲ. ತಂತ್ರಾಂಶವನ್ನು ತಿದ್ದಬಲ್ಲವರಾಗಿದ್ದ ಕಾನೆಕೊ ಆರೋಪಿಯ ಸ್ಥಾನದಲ್ಲಿದ್ದುದರಿಂದ ಹೊಸ ಆವೃತ್ತಿಯನ್ನು ಹೊರತರುವ ಸ್ಥಿತಿಯಲ್ಲಿರಲಿಲ್ಲ. ದಬ್ಬಾಳಿಕೆಯ ಕೈಗೆ ಎಟುಕದಂತೆ ಅಳಿಸುವಿಕೆಯನ್ನು ಅಸಾಧ್ಯವಾಗಿಸಿದ ಅದೇ ವಿನ್ಯಾಸ, ಅಳಿಸಲು ನ್ಯಾಯವಾದ ಕಾರಣವಿದ್ದವರಿಗೂ ಬಾಗಿಲು ಮುಚ್ಚಿತ್ತು. ಹೀಗಾಗಿ, ಮೂಲತಃ ವ್ಯಕ್ತಿಯ ಗುಟ್ಟನ್ನು ಕಾಯಲು ಹುಟ್ಟಿದ ಕಲ್ಪನೆ ಇಲ್ಲಿ ಪರರ ಗುಟ್ಟನ್ನು ಬಯಲುಮಾಡುವ ಯಂತ್ರವೂ ಆಯಿತು.

ಇತ್ತ ಫ್ರೀನೆಟ್ ಬೇರೊಂದು ಸಮಸ್ಯೆಯನ್ನು ಎದುರಿಸುತ್ತಿತ್ತು. ಯಾರು ಬೇಕಾದರೂ ನೋಡ್ ನಡೆಸಬಹುದಾದ ಜಾಲದಲ್ಲಿ ಬೇಹುಗಾರರೂ ನೋಡ್ ನಡೆಸಬಹುದು. ಕೇಳಿಕೆಯ ಹುಟ್ಟು ತಿಳಿಯದಿದ್ದರೂ, ಯಾರು ಯಾರು ಫ್ರೀನೆಟ್ ಬಳಸುತ್ತಿದ್ದಾರೆಂಬ ಪಟ್ಟಿಯನ್ನು ಸಿದ್ಧಪಡಿಸಬಹುದು. ಬಳಸುವುದೇ ಅಪಾಯಕಾರಿಯಾದ ದೇಶಗಳಲ್ಲಿ ಅಷ್ಟೇ ಸಾಕು. ಇದಕ್ಕೆ ಉತ್ತರವಾಗಿ ಕ್ಲಾರ್ಕ್ ಮತ್ತು ಸ್ಯಾಂಡ್‌ಬರ್ಗ್ 2005ರಲ್ಲಿ ಮಂಡಿಸಿ, 2008ರ ಮೇ ತಿಂಗಳ 0.7 ಆವೃತ್ತಿಯಲ್ಲಿ ನೆಲೆಗೊಂಡ ವಿನ್ಯಾಸದಲ್ಲಿ, ಬಳಕೆದಾರರು ಇಚ್ಛಿಸಿದರೆ ತಾವು ನಿಜಜೀವನದಲ್ಲಿ ಬಲ್ಲ ಮಿತ್ರರ ನೋಡ್‌ಗಳಿಗೆ ಮಾತ್ರ ಸಂಪರ್ಕ ಹೊಂದಬಹುದಾಯಿತು. ಇದನ್ನು ಡಾರ್ಕ್‌ನೆಟ್ ಎಂದೂ, ಅಪರಿಚಿತರಿಗೂ ತೆರೆದಿರುವ ಕ್ರಮವನ್ನು ಓಪನ್‌ನೆಟ್ ಎಂದೂ ಕರೆದರು. ಮಿತ್ರರಿಂದ ಮಿತ್ರರಿಗೆ ಮಾತ್ರ ಸಾಗುವ ಕೇಳಿಕೆ ಜಗತ್ತಿನ ಮತ್ತೊಂದು ತುದಿಯನ್ನು ತಲಪೀತೇ ಎಂಬ ಪ್ರಶ್ನೆಗೆ ಸಮಾಜವಿಜ್ಞಾನದಲ್ಲಿ ಉತ್ತರವಿತ್ತು. ಅಪರಿಚಿತರೊಬ್ಬರಿಗೆ ತಲಪಬೇಕಾದ ಕಾಗದವನ್ನು ಕೇವಲ ಪರಿಚಯಸ್ಥರ ಮೂಲಕ ದಾಟಿಸಿದಾಗ, ಗುರಿ ಮುಟ್ಟಿದವು ಕೆಲವೇ ಕೈಗಳನ್ನು ದಾಟಿ ಮುಟ್ಟಿದವೆಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1967ರಲ್ಲಿ ವರದಿ ಮಾಡಿದ್ದರು. ಇಂಥ ದಾರಿಗಳನ್ನು ಹುಡುಕಲು ಯಾವ ರೀತಿಯ ಜಾಲ ಬೇಕೆಂಬ ಗಣಿತವನ್ನು ಜಾನ್ ಕ್ಲೈನ್‌ಬರ್ಗ್ 2000ದಲ್ಲಿ ತೋರಿಸಿದ್ದರು. ನೋಡ್‌ಗಳು ತಮ್ಮ ವೃತ್ತಸ್ಥಾನಗಳನ್ನು ಪರಸ್ಪರ ಬದಲಾಯಿಸಿಕೊಳ್ಳುತ್ತ ಹೋದರೆ ಸ್ನೇಹದ ಜಾಲವೇ ದಾರಿ ತೋರುವ ಜಾಲವಾಗಿ ಅಣಿಗೊಳ್ಳುತ್ತದೆಂಬುದು ಸ್ಯಾಂಡ್‌ಬರ್ಗ್ ಕೊಟ್ಟ ಪರಿಹಾರ. ನಂಬಿಕೆಯ ಅಗತ್ಯವನ್ನೇ ಇಲ್ಲವಾಗಿಸಲು ಹೊರಟ ಪ್ರಯತ್ನ ಹೀಗೆ ಎಂಟು ವರ್ಷಗಳಲ್ಲಿ ಮನುಷ್ಯರ ನಡುವಿನ ನಂಬಿಕೆಯನ್ನೇ ತನ್ನ ಅಡಿಪಾಯ ಮಾಡಿಕೊಂಡಿತು.

ಇದೇ ಕಾಲದಲ್ಲಿ ಇತರ ದಾರಿಗಳೂ ತೆರೆದವು. ಅಮೆರಿಕದ ನೌಕಾದಳದ ಸಂಶೋಧನಾಲಯದಲ್ಲಿ ಹುಟ್ಟಿ 2004ರ ವೇಳೆಗೆ ಪ್ರಬುದ್ಧ ರೂಪ ಪಡೆದ ಟಾರ್, ಸಂಪರ್ಕವನ್ನು ಮರೆಮಾಚುತ್ತದೆಯೇ ಹೊರತು ಕಡತವನ್ನು ತಾನು ಇಟ್ಟುಕೊಳ್ಳುವುದಿಲ್ಲ. 2003ರಲ್ಲಿ ಆರಂಭವಾದ ಐ2ಪಿ ತನ್ನದೇ ಅನಾಮಿಕ ಜಾಲದ ಒಳಗೆ ಬಿಟ್‌ಟೊರೆಂಟ್ ಮಾದರಿಯ ಹಂಚಿಕೆಗೆ ಅವಕಾಶ ಮಾಡಿತು. ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಟ್ರಿಬ್ಲರ್ 2014ರಲ್ಲಿ ಟೊರೆಂಟ್ ಹಂಚಿಕೆಗೆ ಟಾರ್ ಮಾದರಿಯ ಪದರಗಳನ್ನು ಜೋಡಿಸಿತು. ಫ್ರೀನೆಟ್ಟಿನ ಹಳೆಯ ತಂತ್ರಾಂಶ 2023ರಲ್ಲಿ ಹೈಫಾನೆಟ್ ಎಂಬ ಹೆಸರು ತಳೆದು ಮುಂದುವರಿಯಿತು. ಮೂಲ ಹೆಸರನ್ನು ಕ್ಲಾರ್ಕ್ ತಮ್ಮ ಹೊಸ ಯೋಜನೆಗೆ ಕೊಟ್ಟರು.

ಈ ಜಾಲಗಳ ಮೇಲಿನ ಅತ್ಯಂತ ಗಂಭೀರ ಆಕ್ಷೇಪವನ್ನು ಮರೆಮಾಚಿ ಇವುಗಳ ಚರಿತ್ರೆಯನ್ನು ಬರೆಯಲಾಗದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳನ್ನು ಹಂಚುವವರು ಈ ಆಶ್ರಯವನ್ನು ಬಳಸಿಕೊಂಡರು, ಮತ್ತು ಆ ಚಿತ್ರಗಳೂ ಅಳಿಸಲಾಗದವುಗಳ ಸಾಲಿಗೆ ಸೇರಿದವು. ಅಮೆರಿಕದ ಪೊಲೀಸರು ತಾವೇ ಫ್ರೀನೆಟ್ ನೋಡ್‌ಗಳನ್ನು ನಡೆಸಿ, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಸಂಖ್ಯಾಶಾಸ್ತ್ರೀಯ ವಿಧಾನವನ್ನು ಬಳಸಿ, ಒಂದು ಕಡತದ ಎಷ್ಟು ತುಣುಕುಗಳನ್ನು ನೆರೆಯ ನೋಡ್ ಕೇಳುತ್ತಿದೆ ಎಂಬುದರಿಂದ ಅದು ತನಗಾಗಿ ಕೇಳುತ್ತಿದೆಯೋ ಇತರರಿಗಾಗಿ ದಾಟಿಸುತ್ತಿದೆಯೋ ಎಂದು ಅಂದಾಜಿಸತೊಡಗಿದರು. ನಿರಪರಾಧಿಗಳು ಇದರಲ್ಲಿ ಸಿಕ್ಕಿಬೀಳಬಹುದೆಂದು ಫ್ರೀನೆಟ್ ತಂಡ ಆಕ್ಷೇಪಿಸಿತಾದರೂ, ಓಪನ್‌ನೆಟ್ ಬಳಸುವವರ ಅನಾಮಿಕತೆ ಪೂರ್ಣವಲ್ಲ, ಸಂಭವನೀಯತೆಯ ಲೆಕ್ಕಕ್ಕೆ ಒಳಪಟ್ಟದ್ದು ಎಂಬುದು ಸ್ಪಷ್ಟವಾಯಿತು.

ಹುಟ್ಟಿಸಿದವರನ್ನು ಗುರುತಿಸಬೇಕೆಂಬ ಈ ಹಂಬಲ ಭಾರತದ ಕಾನೂನಿನಲ್ಲೂ ಕಾಣುತ್ತದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು, 50 ಲಕ್ಷಕ್ಕೂ ಹೆಚ್ಚು ನೋಂದಾಯಿತ ಬಳಕೆದಾರರಿರುವ ಸಂದೇಶ ಸೇವೆಗಳು, ಸಕ್ಷಮ ಆದೇಶ ಬಂದಾಗ, ಒಂದು ಸಂದೇಶವನ್ನು ಮೊದಲು ಕಳಿಸಿದವರನ್ನು ಗುರುತಿಸಲು ಶಕ್ತವಾಗಿರಬೇಕೆಂದು ವಿಧಿಸುತ್ತವೆ. ಆದೇಶವನ್ನು ಸ್ವೀಕರಿಸಲು ಒಂದು ಮಧ್ಯವರ್ತಿ ಸಂಸ್ಥೆಯಿದೆ ಎಂಬ ಗ್ರಹಿಕೆಯ ಮೇಲೆ ಈ ನಿಯಮ ನಿಂತಿದೆ. ಕೇಂದ್ರವಿಲ್ಲದ ಜಾಲದಲ್ಲಿ ಆ ಆದೇಶಕ್ಕೆ ವಿಳಾಸವೇ ಇರುವುದಿಲ್ಲ. ಇನ್ನೊಂದು ಕಡೆ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದ್ದು, ಅದಕ್ಕೆ ವಿಧಿಸುವ ಯಾವ ನಿರ್ಬಂಧವೂ ಕಾನೂನಿನ ಆಧಾರ, ನ್ಯಾಯವಾದ ಉದ್ದೇಶ ಮತ್ತು ಹಿತಮಿತವಾದ ಪ್ರಮಾಣಗಳನ್ನು ಹೊಂದಿರಬೇಕೆಂಬ ಕಟ್ಟಳೆಯೂ ಇಲ್ಲಿದೆ. ಓದಿದ್ದು ಏನು, ಕೊಟ್ಟದ್ದು ಯಾರಿಗೆ ಎಂಬ ದಾಖಲೆ ಬೇರೊಬ್ಬರ ಕೈಸೇರದಂತೆ ಕಾಯ್ದುಕೊಳ್ಳುವ ಸ್ವಾತಂತ್ರ್ಯವೂ ಆ ಹಕ್ಕಿನ ಒಂದು ಭಾಗವೆಂದು ಪರಿಗಣಿಸುವುದಾದರೆ, ಅನಾಮಿಕ ಜಾಲವನ್ನು ಅಪರಾಧದ ಅಡಗುದಾಣವೆಂದಷ್ಟೇ ಕಾಣುವುದು ನ್ಯಾಯವಾಗದು.

ಚಾಮ್‌ರಿಂದ ಹೈಫಾನೆಟ್‌ವರೆಗಿನ ನಾಲ್ಕು ದಶಕಗಳ ಈ ಚರಿತ್ರೆ ಒಂದು ವಿಷಯವನ್ನು ಖಚಿತವಾಗಿ ಸ್ಥಾಪಿಸುತ್ತದೆ: ಕೇಂದ್ರವನ್ನು ತೆಗೆದುಹಾಕಿದಾಗ ಹೊಣೆಗಾರಿಕೆ ಇಲ್ಲವಾಗುವುದಿಲ್ಲ, ಅದು ಪಾಲುಪಾಲಾಗಿ ಹಂಚಿಹೋಗುತ್ತದೆ. ಹೆಲ್ಸಿಂಗಿಯಸ್ ಒಬ್ಬರೇ ಹೊತ್ತಿದ್ದ ಭಾರದಲ್ಲಿ ಒಂದು ಪಾಲು ತನ್ನ ಹಾರ್ಡ್ ಡಿಸ್ಕನ್ನು ಅಪರಿಚಿತರಿಗೆ ಬಿಟ್ಟುಕೊಡುವ ಪ್ರತಿ ನೋಡಿಗೆ ಬಂದಿದೆ; ಹಿಂದಕ್ಕೆ ಪಡೆಯಲಾಗದ್ದನ್ನು ಹಂಚುವ ಮುನ್ನ ಅದರಲ್ಲಿ ಯಾರ ಬದುಕಿದೆಯೆಂದು ನೋಡುವ ಕರ್ತವ್ಯ ಹಂಚುವವರಿಗೆ ಬಂದಿದೆ; ಸಾಧನವನ್ನು ಬಿಟ್ಟು ಕೃತ್ಯವನ್ನು ವಿಚಾರಿಸುವ, ಹಾಗೂ ಅಂದಾಜನ್ನು ಸಾಕ್ಷ್ಯವೆಂದು ಒಪ್ಪುವ ಮುನ್ನ ಅದನ್ನು ತೂಗಿನೋಡುವ ಕರ್ತವ್ಯ ನ್ಯಾಯಾಲಯಗಳಿಗೆ ಬಂದಿದೆ. ಸುಡಲಾಗದ ಪುಸ್ತಕ ಬೇಕೆಂದು ಬಯಸುವ ಸಮಾಜ ಈ ಮೂರು ಕರ್ತವ್ಯಗಳನ್ನೂ ಹೊರಬೇಕಾಗುತ್ತದೆ, ಏಕೆಂದರೆ ಯಾರೂ ಸುಡಲಾಗದ ಪುಸ್ತಕಗಳಲ್ಲಿ ಸತ್ಯವನ್ನು ಹೇಳುವವೂ ಇರುತ್ತವೆ, ನಿರಪರಾಧಿಗಳನ್ನು ನೋಯಿಸುವವೂ ಇರುತ್ತವೆ. ಯಾವುದು ಯಾವುದೆಂದು ತೀರ್ಮಾನಿಸುವ ವಿವೇಕವನ್ನು ಯಾವ ಗಣಿತಕ್ರಮವೂ ಇದುವರೆಗೆ ಮನುಷ್ಯರಿಂದ ವಹಿಸಿಕೊಂಡಿಲ್ಲ.